ಮಳೆಗಾಲದಲ್ಲಿ ಜಲವರ್ಣ ಒಣಗ್ತಾನೇ ಇಲ್ಲ, ಗುರುವಿಲ್ಲದೆ ಕಲಿತವರು ಹೇಗೆ ನಿಭಾಯಿಸ್ತೀರಿ?

ತುಂಗೆದಂಡೆ (ತೀರ್ಥಹಳ್ಳಿ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಬರೀ ಓದ್ತಾ ಇದ್ದೆ. ಇವತ್ತು ತಡೆಯಲಾರದೆ ಬರೀತಿದೀನಿ.

ನಾನು ಸೊಸೈಟಿಯಲ್ಲಿ ಗುಮಾಸ್ತ. ವಯಸ್ಸು 48. ಕುಂಚ ಹಿಡಿದಿದ್ದು 41ಕ್ಕೆ, ಅದೂ ಮಗಳ ಕ್ಯಾಮಲ್ ಕೇಕ್ ಬಣ್ಣದ ಡಬ್ಬಿ ಕದ್ದು. ಅವಳು ಹೈಸ್ಕೂಲಿಗೆ ಹೋದ ಮೇಲೆ ಡಬ್ಬಿ ಮೂಲೆ ಸೇರಿತ್ತು. ಒಂದು ಭಾನುವಾರ ಕರೆಂಟಿರಲಿಲ್ಲ, ಜಡಿಮಳೆ. ಸುಮ್ಮನೆ ಕೂತು ಎದುರಿನ ತೋಟ ಬರೆದೆ. ಅಡಿಕೆ ಮರ ಲೈಟು ಕಂಬದ ಹಾಗೆ ಬಂತು. ಆದರೆ ದಿಗಂತದ ಹತ್ತಿರ ನೀಲಿ, ಬೂದು ತಾವಾಗೇ ಒಂದರೊಳಗೊಂದು ಹರಿದು ಮಂಜು ಆಗಿಬಿಟ್ಟಿತ್ತು. ನಾನು ಮಾಡಿದ್ದಲ್ಲ, ನೀರು ಮಾಡಿದ್ದು. ಆವತ್ತಿಂದ ಬಿಟ್ಟಿಲ್ಲ.

ಈಗ ಸಮಸ್ಯೆ ಕೇಳಿ. ಜೂನ್ ಹಿಡಿದರೆ ನಮ್ಮಲ್ಲಿ ಏನೂ ಒಣಗಲ್ಲ, ಬಟ್ಟೆನೂ ಇಲ್ಲ, ಚಿತ್ರನೂ ಇಲ್ಲ. ಆಕಾಶಕ್ಕೆ ವಾಷ್ (ನೀರಾಗಿಸಿದ ಬಣ್ಣದ ತೆಳು ಪದರ) ಹಾಕಿ, ಊಟ ಮುಗಿಸಿ, ಒಂದು ನಿದ್ದೆ ತೆಗೆದು ಬಂದರೂ ಹಾಳೆ ಹಸಿಯಾಗೇ ಇರುತ್ತೆ. ಅದರ ಮೇಲೆ ಮರ ಇಟ್ಟರೆ ಪೊರಕೆ ಆಗುತ್ತೆ. ಹೋದ ವಾರ ಬುದ್ಧಿ ಉಪಯೋಗಿಸಿ ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ ಹಾಳೆ ಇಟ್ಟೆ. ಬೆಳಿಗ್ಗೆಗೆ ಚೆನ್ನಾಗಿ ಒಣಗಿತ್ತು, ಜೊತೆಗೆ ಹೊಗೆ ಹಿಡಿದು ಆಕಾಶವೆಲ್ಲ ಮಾಸಲು ಹಳದಿ. ನಮ್ಮನೆಯವಳು ನೋಡಿ, "ಸಂಜೆ ಅಂತ ಹೇಳಿದ್ರೆ ಆಯ್ತಪ್ಪ" ಅಂದಳು.

ಇನ್ನೊಂದು, ಹೋದ ವರ್ಷ ತಂದಿಟ್ಟ ಒಳ್ಳೆ ಹಾಳೆಯಲ್ಲಿ ಬಣ್ಣ ಹಾಕಿದರೆ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಹೀರಿಕೊಳ್ತಾ ಇದೆ. ಕಣ್ಣಿಗೆ ಹಾಳೆ ಬಿಳಿಯಾಗೇ ಕಾಣ್ತದೆ. ಏನಿದು?

ಕೊನೇದು ತಾಂತ್ರಿಕ ಪ್ರಶ್ನೆ ಅಲ್ಲ. ಊರ ಪ್ರದರ್ಶನವೊಂದರಲ್ಲಿ ನನ್ನ ಮೂರು ಚಿತ್ರ ಇಟ್ಟಿದ್ದೆ. ಹಿರಿಯರೊಬ್ಬರು ನಿಂತು ನೋಡಿ "ಯಾರ ಶಿಷ್ಯರು?" ಅಂದರು. ಯಾರೂ ಇಲ್ಲ ಸಾರ್ ಅಂದೆ. "ಓ" ಅಂತ ಮುಂದಿನ ಚಿತ್ರಕ್ಕೆ ಹೋದರು. ಆ "ಓ" ಇನ್ನೂ ಕಿವಿಯಲ್ಲಿದೆ.

---

ಬಿಸಿಲೂರು (ಕಲಬುರಗಿ)

ಅಣ್ಣಾರ, ನಿಮ್ಮ ಸಮಸ್ಯಾ ಓದಿ ಹೊಟ್ಟಿಕಿಚ್ಚು ಆಯ್ತು ನೋಡ್ರಿ. ನಮ್ಮ ಕಡಿ ಏಪ್ರಿಲ್ ಮೇ ತಿಂಗಳದಾಗ 40 ಡಿಗ್ರಿ ದಾಟ್ತದ. ಆಕಾಶದ ಎಡಗಡಿ ವಾಷ್ ಹಾಕಿ ಬಲಗಡಿ ಹೋಗೂದ್ರಾಗ ಎಡಗಡಿ ಒಣಗಿ ಗೆರಿ ಬಿದ್ದಿರ್ತದ. ಒಂದ ಆಕಾಶಕ್ಕ ನಾಕು ಗಡಿ!

ನಾನೂ ಯಾರ ಹತ್ರಾನೂ ಕಲ್ತಿಲ್ಲ. ಕಿರಾಣಿ ಅಂಗಡಿ ಅದ. ಮಧ್ಯಾಹ್ನ ಗಿರಾಕಿ ಇರೂದಿಲ್ಲ, ಆಗ ಬರೀತೀನಿ. ನಾ ಹುಡುಕಿಕೊಂಡ ದಾರಿ ಹೇಳ್ತೀನಿ. ಮನ್ಯಾಗ ಶಹಾಬಾದ ಹಾಸುಗಲ್ಲಿನ ತುಂಡೊಂದು ಉಳದಿತ್ತು. ಅದನ್ನ ನೀರಾಗ ತೋಯಿಸಿ, ಹಾಳಿ ಎರಡೂ ಕಡಿ ಒದ್ದಿ ಮಾಡಿ, ಅದರ ಮ್ಯಾಲ ಅಂಟಿಸಿಬಿಡ್ತೀನಿ. ಕಲ್ಲು ತಣ್ಣಗಿರ್ತದ, ಕೆಳಗಿಂದ ತೇವ ಹಿಡಕೊಂಡಿರ್ತದ. ಹತ್ತು ಹದಿನೈದು ನಿಮಿಷ ಹೆಚ್ಚಿಗಿ ಸಿಗ್ತದ. ನೀರಿಗೆ ಒಂದೆರಡು ಹನಿ ಗ್ಲಿಸರಿನ್ ಹಾಕಿದ್ರ ಇನ್ನೂ ಚಲೋ. ಜಾಸ್ತಿ ಹಾಕಿದ್ರ ಮಾತ್ರ ಚಿತ್ರ ಜಿಗಿಜಿಗಿ ಆಗಿ ಧೂಳಾ ಎಲ್ಲಾ ಬಂದು ಕೂಡ್ತದ, ಅನುಭವ ಅದ.

ನಿಮ್ಮ ಮಳಿ ಒಂದ ಪಾರ್ಸಲ್ ಕಳಸ್ರಿ. ನಾ ಬಿಸಿಲು ಕಳಸ್ತೀನಿ.

---

ಹಳೇಮೇಷ್ಟ್ರು (ಹಾಸನ)

ಮೂವತ್ತು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಲೋಯರ್, ಹೈಯರ್ ಪರೀಕ್ಷೆಗೆ ಮಕ್ಕಳನ್ನು ಕೂರಿಸಿ ಕೂರಿಸಿ ನಿವೃತ್ತನಾದೆ.

ಮೊದಲು ಚುಕ್ಕೆಯ ವಿಷಯ. ಜಲವರ್ಣದ ಹಾಳೆಗೆ ಒಳಗೂ ಮೇಲೂ ಸರೇಸಿನ, ಅಂದರೆ ಒಂದು ಬಗೆಯ ಅಂಟಿನ ಲೇಪ ಇರುತ್ತದೆ. ಒಳ್ಳೆಯ ಹಾಳೆಗೆ ಸಾಮಾನ್ಯವಾಗಿ ಜೆಲಾಟಿನ್. ಅದಿರುವುದರಿಂದಲೇ ಬಣ್ಣ ತಕ್ಷಣ ಇಂಗದೆ ಮೇಲೆ ನಿಂತು ಆಟವಾಡುತ್ತದೆ. ತೇವಕ್ಕೆ ಬೂಷ್ಟು ಹಿಡಿದರೆ ಬೂಷ್ಟು ಮೊದಲು ತಿನ್ನುವುದು ಆ ಲೇಪವನ್ನೇ. ಕಣ್ಣಿಗೆ ಕಾಣುವುದಿಲ್ಲ, ಕುಂಚ ಇಟ್ಟಾಗಲೇ ಗೊತ್ತಾಗುವುದು. ಅಲ್ಲಿ ಹಾಳೆ ಬ್ಲಾಟಿಂಗ್ ಪೇಪರ್ ಆಗಿರುತ್ತದೆ. ಇನ್ನು ಅದು ಸರಿಹೋಗುವುದಿಲ್ಲ. ಎಸೆಯಬೇಡಿ, ಪೆನ್ಸಿಲ್ ಸ್ಕೆಚ್ಚಿಗೆ ಇಟ್ಟುಕೊಳ್ಳಿ. ಮುಂದೆ ಹಾಳೆ ತಂದರೆ ಬೇಸಿಗೆಯಲ್ಲೇ, ಒಣಹವೆಯಲ್ಲಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಟ್ರಂಕಿನಲ್ಲಿಡಿ. ಟ್ರಂಕನ್ನು ಗೋಡೆಗೆ ತಾಗಿಸಬೇಡಿ, ನೆಲದ ಮೇಲೂ ಬೇಡ.

ಒಣಗುವ ವಿಷಯಕ್ಕೆ ಬರೋಣ. ಕೈಯ ಹಿಂಭಾಗವನ್ನು ಹಾಳೆಗೆ ಮೆಲ್ಲಗೆ ತಾಗಿಸಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದರ್ಥ, ಮೇಲೆ ಎಷ್ಟು ಒಣಗಿದಂತೆ ಕಂಡರೂ ಸರಿ. ಹೊಳಪು ಹೋಗಿ ಮಂಕಾಗುವ ಆ ಹೊತ್ತು ಇದೆಯಲ್ಲ, ಅದೇ ಅಪಾಯದ ಹೊತ್ತು. ಆಗ ಇನ್ನೊಂದು ತುಂಬಿದ ಕುಂಚ ಇಟ್ಟರೆ ನೀರು ಬಣ್ಣವನ್ನು ತಳ್ಳಿ ಹೂಕೋಸಿನಂಥ ಕಲೆ ಅರಳುತ್ತದೆ.

---

ಕುಂಚಕಾಫಿ (ಬೆಂಗಳೂರು)

ಹೇರ್ ಡ್ರೈಯರ್ ತಗೊಳ್ಳಿ ಸರ್. ಕಥೆ ಮುಗೀತು.

ತುಂಗೆದಂಡೆ

ಕರೆಂಟ್ ಯಾರು ಕೊಡ್ತಾರೆ ಸರ್ 😀

ಹಳೇಮೇಷ್ಟ್ರು

ಕರೆಂಟಿದ್ದರೂ ಹಸಿ ವಾಷ್ ಮೇಲೆ ನೇರ ಊದಬಾರದು, ನೀರು ಒಂದು ಕಡೆಗೆ ಓಡುತ್ತದೆ. ಅದಕ್ಕಿಂತ, ಮಳೆಗಾಲದಲ್ಲಿ ಮೂರು ಹಾಳೆ ಒಟ್ಟಿಗೆ ಹಚ್ಚಿ. ಒಂದರಲ್ಲಿ ಆಕಾಶ ಹಾಕಿ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಹೋಗಿ. ಇನ್ನೂ ಒಂದು ಮಾತು: ನಿಮ್ಮ ಊರಿನ ಹವೆ ಒದ್ದೆಯ ಮೇಲೆ ಒದ್ದೆ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಮಂಜು, ಮಳೆ, ದೂರದ ಗುಡ್ಡ, ಇವುಗಳನ್ನು ಆಗ ಬರೆಯಿರಿ. ಚೂಪಾದ ಅಂಚು ಬೇಕಾದ ಮನೆ, ದೋಣಿ, ಸೇತುವೆ ಜನವರಿಗೆ ಇಟ್ಟುಕೊಳ್ಳಿ. ಮಲೆನಾಡನ್ನು ಜಲವರ್ಣದಲ್ಲಿ ಹಿಡಿದ ಪಿ. ಆರ್. ತಿಪ್ಪೇಸ್ವಾಮಿಯವರ ಕೃತಿಗಳನ್ನು ನೋಡಿದ್ದೀರಾ? ಚಿತ್ರದುರ್ಗದ ಬಿಸಿಲುಸೀಮೆಯಿಂದ ಬಂದವರಿಗೆ ನಿಮ್ಮ ಹಸಿರು ಅಷ್ಟು ಒಲಿಯಿತು.

---

ಕಾವಾಪದವಿ (ಮೈಸೂರು)

ಕ್ಷಮಿಸಿ, ಸ್ವಲ್ಪ ಕಹಿಯಾಗಿ ಬರೀತೀನಿ.

"ಗುರುವಿಲ್ಲದೆ ಕಲಿತವನು" ಅನ್ನೋದು ಈಚೆಗೆ ಒಂದು ಬಿರುದು ಆಗಿಬಿಟ್ಟಿದೆ. ನಾನು ಚಾಮರಾಜೇಂದ್ರ ಅಕಾಡೆಮಿಯಲ್ಲಿ ಓದಿದವಳು. ಅಲ್ಲಿ ವರ್ಷಗಟ್ಟಲೆ ಪ್ಲಾಸ್ಟರ್ ಕೈ, ಪ್ಲಾಸ್ಟರ್ ಮೂಗು ಬರೆದು ಬರೆದು ಬೆರಳು ಸವೆಸಿದ್ದೀವಿ. ಈಗ ಪ್ರದರ್ಶನಕ್ಕೆ ಹೋದರೆ ಎರಡು ವರ್ಷ ಯೂಟ್ಯೂಬ್ ನೋಡಿದವರ ಪಕ್ಕದಲ್ಲಿ "ಸ್ವಯಂ ಕಲಿತ ಪ್ರತಿಭೆ" ಅಂತ ಚೀಟಿ, ನನ್ನ ಪಕ್ಕದಲ್ಲಿ ಬರೀ ಹೆಸರು.

ಎಲ್ಲರೂ ಕೆ. ವೆಂಕಟಪ್ಪನವರ ಊಟಿ ಚಿತ್ರ ನೋಡಿ ಆಹಾ ಅಂತಾರೆ. ಅವರು ಆಸ್ಥಾನದ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಮೈಸೂರಲ್ಲಿ ಕಲಿತು, ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಕೈಕೆಳಗೆ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಆ ಮಂಜು, ಆ ಕೊಳದ ನೀರು ಆಕಸ್ಮಿಕವಾಗಿ ಹರಿದದ್ದಲ್ಲ. ತೀರ್ಥಹಳ್ಳಿ ಸರ್, ನಿಮ್ಮ ಮೊದಲ ಚಿತ್ರದಲ್ಲಿ ನೀರು ತಾನೇ ಮಾಡಿತು ಅಂದ್ರಲ್ಲ. ಏಳು ವರ್ಷ ಆದ ಮೇಲೂ ನೀರೇ ಮಾಡ್ತಿದೆಯಾ ಅಥವಾ ನೀವು ಮಾಡ್ತಿದ್ದೀರಾ?

ಕುಂಚಕಾಫಿ

ಮೇಡಂ ಬೆಂಕಿ.

ಬಿಸಿಲೂರು

ಅಕ್ಕಾರ, ಚೀಟಿ ನಾವು ಬರಸಿಲ್ರಿ. ಪ್ರದರ್ಶನ ಮಾಡೋರು ಬರಸ್ತಾರ. ಸಿಟ್ಟು ಅವರ ಮ್ಯಾಲ ಇರಲಿ.

---

ತುಂಗೆದಂಡೆ

ಮೇಡಂ, ಪ್ರಶ್ನೆ ಸರಿಯಾಗಿದೆ. ಎರಡು ದಿನ ಯೋಚನೆ ಮಾಡಿದೆ.

ಗುರು ಇಲ್ಲ ಅಂದೆನಲ್ಲ, ಅದು ಪೂರ್ತಿ ನಿಜ ಅಲ್ಲ. ನಮ್ಮ ಸೊಸೈಟಿ ಎದುರು ಬೋರ್ಡ್ ಬರೆಯೋ ಮಾಮ ಒಬ್ಬರಿದ್ದರು. ಬಸ್ಸಿನ ನಾಮಫಲಕ, ಯಕ್ಷಗಾನದ ಬ್ಯಾನರ್, ಅಂಗಡಿ ಬೋರ್ಡು ಎಲ್ಲ ಅವರದ್ದೇ ಕೈ. ಫ್ಲೆಕ್ಸ್ ಬಂದ ಮೇಲೆ ಕೆಲಸ ಹೋಯಿತು. ಕೊನೆಕೊನೆಗೆ ಗೇಟಿಗೆ ಬಣ್ಣ ಹೊಡೀತಿದ್ದರು. ನಾನು ಚಿತ್ರ ಬರೆಯೋದು ಗೊತ್ತಾಗಿ ಒಂದಿನ ಚಾ ಕುಡಿಯೋಕೆ ಬಂದಾಗ ನೋಡಿದರು. ಹೊಗಳಲೂ ಇಲ್ಲ, ಬೈಯಲೂ ಇಲ್ಲ. ಸೊಸೈಟಿಯ ಹಳೇ ರಸೀದಿ ಪುಸ್ತಕ ತಗೊಂಡು, ಅದರ ಹಿಂಭಾಗದಲ್ಲಿ ಚಪ್ಪಟೆ ಕುಂಚದಿಂದ ಒಂದೇ ಎಳೆತಕ್ಕೆ "ಅ" ಬರೆದರು. ಎಲ್ಲಿ ದಪ್ಪ, ಎಲ್ಲಿ ತೆಳು, ಕುಂಚ ಎಲ್ಲೂ ಎತ್ತಲಿಲ್ಲ. ನನಗೆ ಬರಿ ಅಂದರು. ನಂದು ನಡುಗಿತು. "ಬೆರಳಲ್ಲಿ ಬರೀತೀಯ, ಅದ್ಕೇ ನಡುಗ್ತದೆ. ಭುಜದಿಂದ ಎಳಿ" ಅಂದರು.

ಆಮೇಲೆ ಎಂಟು ತಿಂಗಳು, ಸೊಸೈಟಿ ಬಾಗಿಲು ಹಾಕಿದ ಮೇಲೆ, ಅಡಿಕೆ ಮರ ಬರೆಯೋದು ಬಿಟ್ಟು "ಅ" ಬರೆದೆ ಮೇಡಂ. ಈಗ ನನ್ನ ಅಡಿಕೆ ಮರ ಬುಡದಿಂದ ತುದಿಗೆ ಒಂದೇ ಎಳೆತಕ್ಕೆ ಹೋಗುತ್ತೆ. ಯಾರಾದ್ರೂ "ಮರ ಚೆನ್ನಾಗಿದೆ" ಅಂದರೆ ಅದು ಆ "ಅ".

ಮಾಮ ಹೋಗಿ ಮೂರು ವರ್ಷ ಆಯ್ತು. "ಯಾರ ಶಿಷ್ಯರು" ಅಂತ ಕೇಳಿದಾಗ ಅವರ ಹೆಸರು ನಾಲಿಗೆ ಮೇಲೆ ಬರಲಿಲ್ಲ ನೋಡಿ. ಬೋರ್ಡ್ ಬರೆಯೋರನ್ನ ಗುರು ಅಂದರೆ ಅವರು ನಗಬಹುದು ಅಂತ ಒಳಗೊಳಗೇ ಅನ್ನಿಸಿರಬೇಕು. ಹಿರಿಯರ ಆ "ಓ"ಗಿಂತ ನನಗೆ ಈಗ ಇದು ಚುಚ್ತಿದೆ.

ಕಾವಾಪದವಿ

ಸರ್, ನನ್ನ ಕಹಿ ವಾಪಸ್ ತಗೊಂಡೆ. ಪೂರ್ತಿ ಅಲ್ಲ, ಚೀಟಿಯ ಸಿಟ್ಟು ಹಾಗೇ ಇದೆ. ನಮಗೆ ಭುಜದಿಂದ ಎಳೆಯೋದು ಹೇಳಿಕೊಟ್ಟಿದ್ದು ಮೂರನೇ ವರ್ಷದಲ್ಲಿ.

---

ಚಾರ್ಲ್ಸ್‌ದಂಡೆಗನ್ನಡಿಗ (ಬಾಸ್ಟನ್)

ದೂರದಿಂದ ಒಂದು ಮಾತು. ಇಲ್ಲಿನ ಮ್ಯೂಸಿಯಂನಲ್ಲಿ ವಿನ್‌ಸ್ಲೋ ಹೋಮರ್ ಅವರ ಜಲವರ್ಣಗಳಿವೆ. ಅಮೆರಿಕದ ಜಲವರ್ಣ ಅಂದರೆ ಮೊದಲು ಬಾಯಿಗೆ ಬರೋ ಹೆಸರು, ಬಹುಮಟ್ಟಿಗೆ ಸ್ವಂತ ಕಲಿತವರು ಅಂತಲೇ ಎಲ್ಲರೂ ಬರೆಯುತ್ತಾರೆ. ಆದರೆ ಹುಡುಗನಾಗಿದ್ದಾಗ ಇದೇ ಬಾಸ್ಟನ್ನಿನ ಲಿಥೋ ಪ್ರೆಸ್ಸಿನಲ್ಲಿ ಕೆಲಸ ಕಲಿಯೋಕೆ ಸೇರಿ ಹಾಡುಗಳ ಪುಸ್ತಕದ ರಕ್ಷಾಪುಟ ಮಾಡುತ್ತಿದ್ದರು. ಜಲವರ್ಣವನ್ನು ಗಟ್ಟಿಯಾಗಿ ಹಿಡಿದದ್ದು 1873ರಲ್ಲಿ, 37ನೇ ವಯಸ್ಸಿಗೆ. ಅವರಿಗೂ ಒಬ್ಬ ಬೋರ್ಡ್ ಮಾಮ ಇದ್ದಿರಬೇಕು ಆ ಪ್ರೆಸ್ಸಿನಲ್ಲಿ!

ಆ ಚಿತ್ರಗಳನ್ನು ಸದಾ ಗೋಡೆಯಲ್ಲಿ ತೂಗುಹಾಕುವುದಿಲ್ಲ. ಬೆಳಕಿಗೆ ಬಣ್ಣ ಹಾರುತ್ತದೆ ಅಂತ ಕೆಲವು ತಿಂಗಳಿಟ್ಟು ಮತ್ತೆ ಕತ್ತಲೆಗೆ ಒಯ್ಯುತ್ತಾರೆ.

---

ಗುಲ್‌ಮೊಹರ್‌ರಸ್ತೆ (ಬೆಂಗಳೂರು)

ಬಣ್ಣ ಹಾರೋದು ಅಂದ್ರಲ್ಲ, ನನ್ನ ಅವಮಾನ ಹೇಳ್ತೀನಿ.

ರುಮಾಲೆ ಚನ್ನಬಸವಯ್ಯನವರ ಚಿತ್ರ ನೋಡಿ ನನಗೆ ಹುಚ್ಚು ಹಿಡಿದಿದ್ದು. ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯ ಎಲ್ಲ ಮುಗಿಸಿ 60ರ ದಶಕದಲ್ಲಿ ಮತ್ತೆ ಕುಂಚಕ್ಕೆ ಮರಳಿದವರು. ಬೆಂಗಳೂರಿನ ಹೂಬಿಟ್ಟ ಮರಗಳ ಎದುರು ಬಿಸಿಲಲ್ಲೇ ಕೂತು ಬರೆದರು. ಜಲವರ್ಣ ಅಂದರೆ ತೆಳು, ಮೆತ್ತಗೆ ಅನ್ನೋ ನನ್ನ ಕಲ್ಪನೆ ಅವರ ಗುಲ್‌ಮೊಹರ್ ನೋಡಿ ಹೋಯಿತು. ಕಾಗದದ ಮೇಲೆ ಬೆಂಕಿ ಬಿದ್ದ ಹಾಗಿದೆ.

ನಾನೂ ಒಂದು ಗುಲ್‌ಮೊಹರ್ ಬರೆದು ಅತ್ತಿಗೆಗೆ ಗೃಹಪ್ರವೇಶಕ್ಕೆ ಕೊಟ್ಟೆ. ಕಿಟಕಿ ಎದುರಿನ ಗೋಡೆಗೆ ಹಾಕಿದರು. ಎರಡು ವರ್ಷ ಬಿಟ್ಟು ಹೋದರೆ ಗುಲ್‌ಮೊಹರ್ ಇಲ್ಲ, ಎಲೆ ಉದುರಿದ ಮರದ ಮೇಲೆ ಯಾರೋ ಹಾಲು ಚೆಲ್ಲಿದ ಹಾಗೆ. ಅತ್ತಿಗೆ ಪಾಪ, "ಈಗ ಋತು ಮುಗಿದಿರಬೇಕು" ಅಂದರು.

ಕಾರಣ, ಅಲಿಜರಿನ್ ಕ್ರಿಮ್ಸನ್ ಅನ್ನೋ ಕೆಂಪು. ಟ್ಯೂಬಿನ ಹಿಂದೆ ಸಣ್ಣಕ್ಷರದಲ್ಲಿ ಒಳಗಿನ ಬಣ್ಣದ ಪುಡಿಯ ಸಂಕೇತ ಇರುತ್ತೆ, ಅದು ಪಿಆರ್ 83 ಅಂತಿದ್ದರೆ ಅದು ಬಿಸಿಲಿಗೆ ನಿಲ್ಲಲ್ಲ. ಅದರ ಬದಲು ಪಿವಿ 19 ಇರೋ ಕೆಂಪು ತಗೊಳ್ಳಿ. ಹೆಸರು ನೋಡಬೇಡಿ, ಹೆಸರು ಕಂಪನಿಯವರ ಇಷ್ಟ. ಸಂಖ್ಯೆ ನೋಡಿ. ಅನುಮಾನ ಇದ್ದರೆ ಒಂದು ಪಟ್ಟಿ ಬಣ್ಣ ಹಚ್ಚಿ, ಅರ್ಧ ರಟ್ಟಿನಿಂದ ಮುಚ್ಚಿ, ಬಿಸಿಲು ಬೀಳೋ ಕಿಟಕಿಗೆ ಮೂರು ತಿಂಗಳು ಅಂಟಿಸಿಡಿ. ರಟ್ಟು ತೆಗೆದಾಗ ಗೊತ್ತಾಗುತ್ತೆ. ದುಡ್ಡು ತಗೊಂಡು ಮಾರೋರು ಇದನ್ನ ಮಾಡಲೇಬೇಕು ಅಂತ ನನ್ನ ಅಭಿಪ್ರಾಯ.

---

ಕುಡ್ಲದಕಡಲು (ಮಂಗಳೂರು)

ಗುರುವಿನ ವಿಷಯಕ್ಕೆ ನಂದೂ ಒಂದು ಉಂಟು ಮಾರಾಯ್ರೆ. ನಾವು ಆರೇಳು ಜನ ಆದಿತ್ಯವಾರ ಬೆಳಿಗ್ಗೆ ಧಕ್ಕೆಗೆ ಹೋಗಿ ಬರೆಯುದು. ಫೋಟೋ ನೋಡಿ ಬರೆಯುದಿಲ್ಲ ಅಂತ ನಿಯಮ. ಅರ್ಬನ್ ಸ್ಕೆಚರ್ಸ್‌ನವರದ್ದೂ ಅದೇ ನಿಯಮ ಅಲ್ವಾ, ಜಾಗದಲ್ಲೇ ಕೂತು ಬರೆಯಬೇಕು ಅಂತ. ನಾವು ಯಾವುದಕ್ಕೂ ಸೇರಿದವರಲ್ಲ, ಸುಮ್ಮನೆ ಹೋಗುದು.

ಒಮ್ಮೆ ಮೀನು ಮಾರುವ ಹೆಂಗಸರನ್ನು ಬರೆದೆ. ಸೀರೆ, ಬುಟ್ಟಿ, ನೆರಳು ಎಲ್ಲ ಚಂದ ಬಂತು ಅಂತ ನನಗೇ ಖುಷಿ. ಅವರಲ್ಲಿ ಒಬ್ಬರು ಬಂದು ಬಗ್ಗಿ ನೋಡಿ, "ಇದೆಂತ ಇದು? ನನ್ನ ಬುಟ್ಟಿಯಲ್ಲಿ ಇದ್ದದ್ದು ಬಂಗುಡೆ, ನೀವು ಬೂತಾಯಿ ಮಾಡಿದ್ದೀರಿ" ಹೇಳಿದ್ರು. ನಾನು ನಾಲ್ಕು ಬೂದು ಗೀಟು ಎಳೆದದ್ದು ಅಷ್ಟೆ! ಆದ್ರೆ ಅವರು ಹೇಳಿದ್ದು ಸರಿ. ಬಂಗುಡೆಯ ಬೆನ್ನು ನೀಲಿ ಹಸಿರು, ಹೊಟ್ಟೆ ಉಬ್ಬು. ನಂದು ತೆಳ್ಳಗೆ, ಪೂರಾ ಬೆಳ್ಳಿ ಇತ್ತು. ಅವತ್ತಿಂದ ಗೀಟು ಎಳೆಯುವ ಮೊದಲು ಎಂತ ಮೀನು ಅಂತ ನೋಡ್ತೇನೆ.

ಆರ್ಟ್ ಗ್ಯಾಲರಿಯಲ್ಲಿ ಇಷ್ಟು ಸರಿಯಾಗಿ ಒಬ್ಬರೂ ನನಗೆ ಹೇಳಿದ್ದಿಲ್ಲ.

---

ಚೌಕಟ್ಟಿನಂಗಡಿ (ಶಿವಮೊಗ್ಗ)

ನಾನು ಚಿತ್ರ ಬರೆಯೋನಲ್ಲ, ಫ್ರೇಮ್ ಹಾಕೋನು. ಎಲ್ಲರ ತಪ್ಪೂ ಕೊನೆಗೆ ನನ್ನ ಟೇಬಲ್ಲಿಗೇ ಬರೋದು, ಹಾಗಾಗಿ ಹೇಳ್ತೀನಿ.

ಜಲವರ್ಣನ ಗಾಜಿಗೆ ತಾಗಿಸಿ ಹಾಕಿಸ್ಬೇಡಿ. ಮಳೆಗಾಲದಲ್ಲಿ ಗಾಜಿನೊಳಗೆ ಬೆವರುತ್ತೆ, ಚಿತ್ರ ಗಾಜಿಗೇ ಅಂಟ್ಕೊಳುತ್ತೆ. ನಡುವೆ ಮೌಂಟ್ ಬೋರ್ಡ್, ಅಂದ್ರೆ ಚಿತ್ರದ ಸುತ್ತ ಕೂರೋ ದಪ್ಪ ರಟ್ಟು, ಇರ್ಲೇಬೇಕು, ಅದೂ ಆಮ್ಲ ಇಲ್ಲದ್ದು. ಕೆಲವರು ಚಿತ್ರದ ಹಿಂದೆಲ್ಲ ಫೆವಿಕಾಲ್ ಬಳಿದು ತರ್ತಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಮೇಲ್ಗಡೆ ಎರಡು ಕಡೆ ತುಂಡು ಟೇಪಲ್ಲಿ ನೇತು ಹಾಕಿದ್ರೆ ಸಾಕು, ಹಾಳೆಗೆ ಉಸಿರಾಡೋಕೆ ಜಾಗ ಬೇಕು. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿ, ಗೋಡೆಯ ತೇವ ನೇರ ತಾಗಲ್ಲ. ಮಲೆನಾಡಿನ ಮನೆಗೆ ಇದು ಕಡ್ಡಾಯ.

ತೀರ್ಥಹಳ್ಳಿಯವರೇ, ಆ ಹೊಗೆ ಹಿಡಿದ ಆಕಾಶ ಎಸೀಬೇಡಿ. ಒಮ್ಮೆ ತನ್ನಿ, ನೋಡೋಣ.

---

ನುಗ್ಗೆಕಾಯಿ (ತುಮಕೂರು)

ಮಾರಾಟದ ಮಾತು ಬಂತು ಅಂತ ಕೇಳ್ತೀನಿ. ಚಿತ್ರಸಂತೆಗೆ ಹೋಗಿ ಕೂತವರು ಇದ್ದೀರಾ? ಲಾಭ ಇದೆಯಾ?

ಗುಲ್‌ಮೊಹರ್‌ರಸ್ತೆ

ಎರಡು ಸಲ ಕೂತಿದ್ದೀನಿ. ಜನವರಿಯ ಭಾನುವಾರ, ಚಿತ್ರಕಲಾ ಪರಿಷತ್ತಿನ ಮುಂದೆ ಕುಮಾರಕೃಪಾ ರಸ್ತೆಯಲ್ಲಿ ವಾಹನ ಬಂದ್, ಎರಡೂ ಬದಿ ಚಿತ್ರಗಳು. ಬೆಳಗಿನ ಜಾವವೇ ಎದ್ದು ಹೋಗಿ ಜಾಗ ಹಿಡೀಬೇಕು. ನೆರಳು ಎಲ್ಲಿ ಬೀಳುತ್ತೆ ಅಂತ ಮೊದಲೇ ನೋಡ್ಕೊಳ್ಳಿ, ಇಲ್ಲಾಂದ್ರೆ ಮಧ್ಯಾಹ್ನ ನೀವೂ ಚಿತ್ರವೂ ಒಟ್ಟಿಗೆ ಬಾಡೋದು.

ಮೊದಲ ಸಲ ದೊಡ್ಡ ದೊಡ್ಡ ಫ್ರೇಮ್ ಹಾಕಿಸ್ಕೊಂಡು ಹೋಗಿದ್ದೆ. ಒಂದೂ ಹೋಗಲಿಲ್ಲ, ವಾಪಸ್ ತರೋಕೆ ಆಟೋದವನು ಒಪ್ಪಲಿಲ್ಲ. ಎರಡನೇ ಸಲ 22×30 ಇಂಚಿನ ಹಾಳೆಯನ್ನು ಎಂಟು ತುಂಡು ಮಾಡಿ ಸಣ್ಣ ಚಿತ್ರ ಬರೆದು, ಬರೀ ಮೌಂಟ್ ಹಾಕಿ ಪ್ಲಾಸ್ಟಿಕ್ ಕವರಿನಲ್ಲಿಟ್ಟೆ. ಸಂಜೆಗೆ ಹನ್ನೊಂದು ಹೋಗಿತ್ತು. ಚೌಕಾಸಿ ಮಾಡ್ತಾರೆ, ಬದನೆಕಾಯಿಗೆ ಮಾಡಿದ ಹಾಗೇ ಮಾಡ್ತಾರೆ. ಬೇಜಾರು ಮಾಡ್ಕೋಬೇಡಿ. ಒಳ್ಳೆ ಹತ್ತಿ ಹಾಳೆ ಒಂದಕ್ಕೆ ಹೆಚ್ಚುಕಡಿಮೆ ಒಂದಾಳಿನ ದಿನಗೂಲಿ ಬೀಳುತ್ತೆ, ಆ ಲೆಕ್ಕ ಅವರಿಗೆ ಗೊತ್ತಿರಲ್ಲ. ನಮಗೆ ಗೊತ್ತಿರಬೇಕು, ಅಷ್ಟಕ್ಕಿಂತ ಕೆಳಗೆ ಇಳೀಬಾರದು.

ಲಾಭಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಕೂತ ಬಾಗಲಕೋಟೆಯ ಹುಡುಗನ ಹತ್ರ ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಅನ್ನೋ ಕಂದು ಸೇರಿಸಿ ಮಳೆಮೋಡದ ಬೂದು ಮಾಡೋದು ಕಲಿತೆ. ಅಲ್ಲೀವರೆಗೆ ಕಪ್ಪು ಟ್ಯೂಬ್ ಹಿಂಡ್ತಾ ಇದ್ದೆ, ನಾಚಿಕೆಗೇಡು.

---

ತುಂಗೆದಂಡೆ

ಎಲ್ಲರ ಮಾತೂ ಓದಿ ಒಂದು ಕೆಲಸ ಮಾಡಿದೆ. ನಮ್ಮ ಕಡೆ ಯಾರಾದರೂ ಬರೆಯೋರು ಇದ್ದರೆ ಬನ್ನಿ ಅಂತ ಸೊಸೈಟಿ ನೋಟಿಸ್ ಬೋರ್ಡಿಗೆ ಚೀಟಿ ಹಚ್ಚಿದೆ, ಗೊಬ್ಬರದ ದರಪಟ್ಟಿ ಪಕ್ಕ. ನಾಲ್ಕು ಜನ ಬಂದರು. ಒಬ್ಬರು ನಿವೃತ್ತ ಪೋಸ್ಟ್‌ಮ್ಯಾನ್, ಇಬ್ಬರು ಕಾಲೇಜು ಹುಡುಗೀರು, ಇನ್ನೊಬ್ಬಳು ನನ್ನ ಮಗಳು. ಡಬ್ಬಿ ವಾಪಸ್ ಕೇಳೋಕೆ ಬಂದಿದ್ದು ಅಂತ ನನ್ನ ಅನುಮಾನ.

ತುಂಗೆಯ ಕಮಾನು ಸೇತುವೆ ಕಾಣೋ ಹಾಗೆ ದಂಡೆಯಲ್ಲಿ ಕೂತೆವು. ಮಳೆ ಹನಿ ಶುರುವಾಯ್ತು. ನನ್ನ ಹತ್ರ ಇದ್ದಿದ್ದು ಯಾವುದೋ ಬ್ಯಾಂಕಿನವರು ಕೊಟ್ಟ ದೊಡ್ಡ ಕೆಂಪು ಕೊಡೆ. ಅದನ್ನೇ ಬಿಚ್ಚಿ ಎಲ್ಲರೂ ಒತ್ತೊತ್ತಿ ಕೂತು ಒಂದು ಗಂಟೆ ಬರೆದೆವು. ಮನೆಗೆ ಬಂದು ಕಿಟಕಿ ಬೆಳಕಲ್ಲಿ ನೋಡಿದರೆ ಐದೂ ಜನರ ಹೊಳೆ, ಗುಡ್ಡ ಎಲ್ಲ ಹುಚ್ಚು ಹಸಿರು! ಕೊಡೆಯ ಕೆಂಪು ಬೆಳಕು ಹಾಳೆ ಮೇಲೆ ಬಿದ್ದು, ಹಸಿರು ಸಾಲದು ಸಾಲದು ಅಂತ ಎಲ್ಲರೂ ಸುರಿದಿದ್ದೀವಿ. ಐವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ಹಳೇಮೇಷ್ಟ್ರು

ಕಪ್ಪು ಕೊಡೆ, ಮಹರಾಯರೇ. ಅಜ್ಜನ ಕಾಲದ ಕಪ್ಪು ಕೊಡೆ. ಬೇರೆ ಯಾವುದೂ ಆಗದು.

ಕಾವಾಪದವಿ

ಇದನ್ನ ನಮಗೆ ಐದು ವರ್ಷದಲ್ಲೂ ಯಾರೂ ಹೇಳಿರಲಿಲ್ಲ 😀 ಸರ್, ಮುಂದಿನ ಭಾನುವಾರ ಎಲ್ಲಿ? ಶಿವಮೊಗ್ಗಕ್ಕೆ ಚಿಕ್ಕಮ್ಮನ ಮನೆಗೆ ಬರ್ತಿದ್ದೀನಿ.

ತುಂಗೆದಂಡೆ

ಕುಪ್ಪಳಿ, ಕವಿಶೈಲದ ಬಂಡೆ ಹತ್ರ. ಬೆಳಿಗ್ಗೆ ಎಂಟಕ್ಕೆ. ಮಂಜು ಇದ್ದರೆ ಏನೂ ಕಾಣಲ್ಲ, ಅದನ್ನೇ ಬರೆಯೋದು. ಚಾ, ಕಡುಬು ನಮ್ಮನೆಯಿಂದ. ಬರುವಾಗ ಶಿವಮೊಗ್ಗದ ಫ್ರೇಮ್ ಅಂಗಡಿಯಿಂದ ನನ್ನ ಹೊಗೆ ಆಕಾಶ ತರ್ತೀರಾ? ಮೌಂಟ್ ಹಾಕಿ ಇಟ್ಟಿದ್ದಾರಂತೆ. ಮತ್ತೆ ಕೊಡೆ ಮರೀಬೇಡಿ.